ಸುದ್ದಿ ಬಾರದ ರಾತ್ರಿ

ಪುಣೆಯ ಕೊಂಢವಾದಲ್ಲಿ, ಎನ್‌ಐಬಿಎಂ ರಸ್ತೆಯಿಂದ ಒಳಕ್ಕೆ ಹೊರಳುವ ಓಣಿಯೊಂದರಲ್ಲಿ, ಧಾರವಾಡದ ಹುಡುಗನೊಬ್ಬ ಬಾಡಿಗೆಗಿದ್ದಾನೆ. ಹುಡುಗ ಎಂದರೂ ವಯಸ್ಸು ಮೂವತ್ತೈದು ದಾಟಿದೆ. ಊರಿನವರಿಗೆ ಇನ್ನೂ ಹುಡುಗನೇ. ಮಗ ಏನು ಮಾಡುತ್ತಾನೆ ಎಂದು ನೆರೆಯವರು ಕೇಳಿದರೆ ಅವ್ವ "ಕಂಪ್ಯೂಟರ್ ಕಾಯತಾನ" ಎನ್ನುತ್ತಾಳೆ. ಗುರುತಿನ ಚೀಟಿಯ ಮೇಲಿರುವ ಉದ್ದನೆಯ ಹುದ್ದೆಯ ಹೆಸರಿಗಿಂತ ಇದೇ ಸರಿಯಾದ ವಿವರಣೆ.

ಅವನು ಕಾಯುವುದು ಒಂದು ಸಣ್ಣ ಆಸ್ಪತ್ರೆಯ ಸರ್ವರ್‌ಗಳನ್ನು. ಕಬ್ಬಿಣದ ಪೆಟ್ಟಿಗೆಗಳು ಮೂರೇ. ಅವುಗಳೊಳಗೆ ಓಡುವ ವರ್ಚುವಲ್ ಯಂತ್ರಗಳು ಹದಿನೇಳು. ಬಿಲ್ಲಿಂಗ್ ಒಂದರಲ್ಲಿ, ಲ್ಯಾಬಿನ ವರದಿ ಮತ್ತೊಂದರಲ್ಲಿ, ಔಷಧಿ ಅಂಗಡಿಯ ಲೆಕ್ಕ, ಆಸ್ಪತ್ರೆಯ ಇಮೇಲ್ ಇನ್ನುಳಿದವುಗಳಲ್ಲಿ. ಹಳೆಯ ವಾಡೆಯೊಂದರಲ್ಲಿ ಹಲವು ಸಂಸಾರಗಳು ಬಾಡಿಗೆಗಿದ್ದ ಹಾಗೆ. ಈ ವಾಡೆಯ ಉಸ್ತುವಾರಿಗೆ ಓವರ್ಟ್ ಎಂಬ ಮುಕ್ತ ತಂತ್ರಾಂಶ. ಯಾವ ಯಂತ್ರ ಎದ್ದಿತು, ಯಾವುದು ಮಲಗಿತು, ಡಿಸ್ಕಿನಲ್ಲಿ ಜಾಗ ಎಷ್ಟು ಉಳಿದಿದೆ, ಎಲ್ಲವನ್ನೂ ಅದು ದಾಖಲಿಸುತ್ತದೆ. ದಾಖಲಿಸುವುದು ಬೇರೆ, ತಿಳಿಸುವುದು ಬೇರೆ. ತಿಳಿಸಬೇಕೆಂದರೆ ನಾವು ಚಂದಾದಾರರಾಗಬೇಕು: ಬಳಕೆದಾರನ ಹೆಸರಿನ ಕೆಳಗೆ ಘಟನೆಗಳ ಉದ್ದ ಪಟ್ಟಿ ಇರುತ್ತದೆ, ಬೇಕಾದವಕ್ಕೆ ಗುರುತು ಹಾಕಿ ಇಮೇಲ್ ವಿಳಾಸ ಕೊಡಬೇಕು. ಪತ್ರಿಕೆಗೆ ಚಂದಾ ಕಟ್ಟಿದಷ್ಟೇ ಸುಲಭ.

ಕಟ್ಟಿದ ಮೇಲೆ ಮನುಷ್ಯ ನಿಶ್ಚಿಂತನಾಗುತ್ತಾನೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಗುತ್ತಿಗೆ ಕಂಪನಿಯವರು ಮೊದಲು ವ್ಯವಸ್ಥೆ ಕೂಡಿಸಿ ಹೋದಾಗ ಪಟ್ಟಿಯಲ್ಲಿದ್ದ ಎಲ್ಲಕ್ಕೂ ಗುರುತು ಹಾಕಿದ್ದರು. ದಿನಕ್ಕೆ ನೂರಾರು ಪತ್ರ. ಅಷ್ಟನ್ನು ಯಾರು ಓದಿಯಾರು? ಎಲ್ಲವೂ ತಾವಾಗಿಯೇ ಒಂದು ಕಡತಕ್ಕೆ ಹೋಗಿ ಬೀಳುವಂತೆ ಮಾಡಿದ್ದರು. ಮದುವೆ ಮನೆಯ ಗದ್ದಲದಲ್ಲಿ ಕೂಸು ಅತ್ತರೆ ಯಾರಿಗೆ ಕೇಳೀತು? ಸಂಗ್ರಹದಲ್ಲಿ ಉಳಿದ ಜಾಗ ಶೇ. 10ಕ್ಕಿಂತ ಕೆಳಗಿಳಿದರೆ ಓವರ್ಟ್ ತಾನಾಗಿ ಎಚ್ಚರಿಸುತ್ತದೆ. ಎಚ್ಚರಿಸಿಯೂ ಇತ್ತು. ಆ ಪತ್ರ ಒಂಬತ್ತು ದಿನ ಆ ಕಡತದಲ್ಲೇ ಬಿದ್ದಿತ್ತು.

ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಜಾಗ ಪೂರ್ತಿ ಮುಗಿಯಿತು. ಹೀಗಾದಾಗ ವರ್ಚುವಲ್ ಯಂತ್ರ ಕೆಡುವುದಿಲ್ಲ, ಆರುವುದೂ ಇಲ್ಲ, ನಿಂತಲ್ಲೇ ನಿಲ್ಲುತ್ತದೆ. ಬರೆಯಲು ಜಾಗವಿಲ್ಲದಿದ್ದರೂ ಬರೆದು ಅರ್ಧಂಬರ್ಧ ಮಾಡುವುದಕ್ಕಿಂತ ನಿಲ್ಲುವುದೇ ಲೇಸೆಂದು ಅದನ್ನು ಹಾಗೆ ಕಟ್ಟಿದ್ದಾರೆ, ಒಳ್ಳೆಯ ನಿರ್ಧಾರವೇ. ಲ್ಯಾಬಿನ ಯಂತ್ರ ನಿಂತಿತು. 'ಜಾಗವಿಲ್ಲದೆ ತಡೆಹಿಡಿಯಲಾಗಿದೆ' ಎಂಬ ಘಟನೆ ದಾಖಲಾಯಿತು. ಚಂದಾದಾರನಿಗೆ ಪತ್ರ ಹೊರಡಬೇಕು. ಆದರೆ ಪತ್ರ ಒಯ್ಯಬೇಕಾದ ಇಮೇಲ್ ಸರ್ವರ್ ಕೂಡ ಅದೇ ವಾಡೆಯ ಬಾಡಿಗೆದಾರ. ಅದೂ ನಿಂತಿತ್ತು.

ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದ್ದು ತಂತ್ರಾಂಶವಲ್ಲ, ವಾರ್ಡಿನ ನರ್ಸ್. ಶಸ್ತ್ರಚಿಕಿತ್ಸೆಗೆ ಕಾದಿದ್ದ ರೋಗಿಯೊಬ್ಬರ ರಕ್ತದ ವರದಿ ತೆರೆಯುತ್ತಿಲ್ಲ. ಲ್ಯಾಬಿನವನು ಅಂಕಿಗಳನ್ನು ಕೈಯಲ್ಲಿ ಬರೆದುಕೊಂಡು ಮೆಟ್ಟಿಲು ಹತ್ತಿ ಇಳಿದ. ಚಿಕಿತ್ಸೆ ಎರಡು ತಾಸು ತಡವಾಯಿತು, ರೋಗಿ ಉಳಿದರು. ಅವರ ಮಗಳು ಕಾರಿಡಾರಿನಲ್ಲಿ ಕೂತು ಆ ಎರಡು ತಾಸು ಹೇಗೆ ಕಳೆದಳೆಂಬುದಕ್ಕೆ ಯಾವ ದಾಖಲೆಯೂ ಇಲ್ಲ.

ಆಮೇಲೆ ಅವನು ವಾರವಿಡೀ ಕೂತು ಈ ಚಂದಾ ಒಳಗೆ ಹೇಗೆ ನಡೆಯುತ್ತದೆಂದು ಬಿಚ್ಚಿ ನೋಡಿದ. ಪತ್ರ ಕಳಿಸುವುದು ನೋಟಿಫೈಯರ್ ಎಂಬ ಬೇರೆಯೇ ಸೇವೆ. ಯಾರೋ ಬಂದು ಅದರ ಬಾಗಿಲು ತಟ್ಟುವುದಿಲ್ಲ. ಸಾಮಾನ್ಯವಾಗಿ 120 ಸೆಕೆಂಡಿಗೊಮ್ಮೆ ತಾನೇ ಎದ್ದು ಹೋಗಿ ಘಟನೆಗಳ ದಫ್ತರ ತೆರೆದು ಹೊಸದೇನಿದೆ ಎಂದು ನೋಡಿ ಬರುತ್ತದೆ. ಇನ್ನೂ ಕೆಳಗೆ, ಪೆಟ್ಟಿಗೆಗಳಲ್ಲಿರುವ ಲಿಬ್‌ವರ್ಟ್ ನಿಜಕ್ಕೂ ಕೂಗಿ ಹೇಳುತ್ತದೆ, ಆದರೆ ಒಂದೇ ಸಲ. ಆ ಕ್ಷಣ ಸಂಪರ್ಕ ಕಡಿದಿದ್ದರೆ ಹೇಳಿದ್ದನ್ನು ಮತ್ತೆ ಹೇಳುವುದಿಲ್ಲ. ಹಾಗಾಗಿ ಮರಳಿ ಸಂಪರ್ಕಿಸುವವನು ಮೊದಲು ಚಂದಾದಾರನಾಗಬೇಕು, ಆಮೇಲೆ ಯಾರ್ಯಾರು ಹೇಗಿದ್ದಾರೆಂದು ಪೂರ್ತಿ ಹಾಜರಿ ತೆಗೆದುಕೊಳ್ಳಬೇಕು. ಹಾಜರಿ ಮೊದಲಾದರೆ ನಡುವಿನ ಸಂದಿಯಲ್ಲಿ ಆದದ್ದು ಎರಡರಲ್ಲೂ ಸಿಗದೆ ಜಾರಿಹೋಗುತ್ತದೆ. ಹೀಗೆ ಮಾಡಿದರೆ ಒಂದೇ ಸುದ್ದಿ ಎರಡು ಸಲ ಬಂದೀತು, ಅಷ್ಟೇ ತಾನೆ.

ಇಷ್ಟೆಲ್ಲ ತಿಳಿದರೂ ಅಸಲು ಪ್ರಶ್ನೆ ಹಾಗೆಯೇ ಉಳಿದಿತ್ತು. ಸುದ್ದಿ ಬಾರದಿದ್ದರೆ ಎಲ್ಲ ಕ್ಷೇಮವೆಂದೋ, ಸುದ್ದಿ ತರುವವನೇ ಬಿದ್ದನೆಂದೋ?

ಅದಕ್ಕೆ ಉತ್ತರ ಧಾರವಾಡದಿಂದ ಬಹಳ ಮೊದಲೇ ಬರುತ್ತಿತ್ತು. ಅವನ ಅವ್ವ ಒಬ್ಬಳೇ ಇರುವುದು. ಪ್ರತಿ ರಾತ್ರಿ ಒಂಬತ್ತಕ್ಕೆ ಒಂದು ಮಿಸ್ಡ್ ಕಾಲ್ ಕೊಡುತ್ತಾಳೆ. ಕರೆಗೆ ಖರ್ಚಿದ್ದ ಕಾಲದ ಅಭ್ಯಾಸ, ಈಗಲೂ ಬಿಟ್ಟಿಲ್ಲ. ಎತ್ತಬಾರದು, ಎರಡು ಸಲ ಬಡಿದರೆ "ಆರಾಮ ಅದೀನಿ" ಎಂದರ್ಥ. ಒಂಬತ್ತೂಕಾಲಾದರೂ ಬರದಿದ್ದರೆ ಅವನು ಪಕ್ಕದ ಮನೆಯವರಿಗೆ ಫೋನ್ ಮಾಡುತ್ತಾನೆ. ಮಾಡಿದ್ದು ಈವರೆಗೆ ಮೂರು ಸಲ: ಎರಡು ಸಲ ಚಾರ್ಜ್ ಇರಲಿಲ್ಲ, ಒಂದು ಸಲ ಅವ್ವ ಬಚ್ಚಲಿನಲ್ಲಿ ಜಾರಿ ಬಿದ್ದಿದ್ದಳು.

ಆಸ್ಪತ್ರೆಗೂ ಅದನ್ನೇ ಮಾಡಿದ. ಪತ್ರಗಳೆಲ್ಲ ಈಗ ವಾಡೆಯ ಹೊರಗಿನ ಅಂಚೆಯವನ ಕೈಯಿಂದ ಬರುತ್ತವೆ. ಚಂದಾ ಹನ್ನೊಂದು ಘಟನೆಗಳಿಗಷ್ಟೇ. ಜಾಗ, ನಿಂತ ಯಂತ್ರ, ಉತ್ತರಿಸದ ಪೆಟ್ಟಿಗೆ, ಇಂಥವು. ಇದರ ಜೊತೆಗೆ ಅರ್ಧ ಗಂಟೆಗೊಮ್ಮೆ ಸರ್ವರ್ ಒಂದು ಹೊರಗಿನ ತಾಣಕ್ಕೆ ಸುಮ್ಮನೆ 'ಇದ್ದೇನೆ' ಎನ್ನುತ್ತದೆ. ಅದು ಅನ್ನದಿದ್ದಾಗ ಮಾತ್ರ ಕೊಂಢವಾದಲ್ಲಿ ಫೋನ್ ಬಡಿಯುತ್ತದೆ. ಆಸ್ಪತ್ರೆಯ ವ್ಯವಸ್ಥಾಪಕರಿಗೆ ಇದು ಒಪ್ಪಿಗೆಯಾಗುವಂತೆ ಹೇಳುವುದೇ ಕಷ್ಟವಾಯಿತು. "ಏನೂ ಆಗದಿದ್ದರೂ ಮೆಸೇಜ್ ಯಾಕೆ?" ಎಂದು ಎರಡು ಸಲ ಕೇಳಿದರು.

ಈಗ ಉಳಿದಿರುವುದು ಪಂಚಮಿಯ ರಜೆ. ನಾಲ್ಕು ದಿನ ಊರಿಗೆ ಹೋಗಬೇಕು, ಆ ನಾಲ್ಕು ದಿನ ರಾತ್ರಿ ಫೋನ್ ಯಾರ ತಲೆದಿಂಬಿನ ಹತ್ತಿರ ಬಡಿಯಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ವಿಳಾಸದ ಖಾನೆಯಲ್ಲಿ ಅವನೊಬ್ಬನ ಹೆಸರೇ ಇದೆ.