ಮೊದಲು ನಮಸ್ಕಾರ, ಆಮೇಲೆ ವ್ಯವಹಾರ

ನೆವಿಸ್ ದ್ವೀಪದಲ್ಲಿ ಅಂಗಡಿಯ ಹೊಸ್ತಿಲು ದಾಟಿದ ಕೂಡಲೇ ಗುಡ್ ಮಾರ್ನಿಂಗ್ ಅನ್ನಬೇಕು. ಮಧ್ಯಾಹ್ನವಾಗಿದ್ದರೆ ಗುಡ್ ಆಫ್ಟರ್‌ನೂನ್. ಹೊತ್ತು ಮುಳುಗಿದ ಮೇಲೆ ಎದುರಾದವರಿಗೆ ಗುಡ್ ನೈಟ್. ಅಲ್ಲಿ ಅದನ್ನು ಭೇಟಿಯಾದಾಗಲೇ ಹೇಳುತ್ತಾರೆ. ಬಸ್ಸು ಹತ್ತಿದಾಗಲೂ ಹೀಗೆಯೇ. ಒಳಗೆ ಕೂತವರಿಗೆಲ್ಲ ಸೇರಿಸಿ ಒಮ್ಮೆ ಹೇಳಿದರೆ ಎಲ್ಲ ಸೀಟುಗಳಿಂದಲೂ ಉತ್ತರ ಬರುತ್ತದೆ. ಏನೂ ಹೇಳದೆ ನೇರವಾಗಿ ನೀರಿನ ಬಾಟಲಿಗೆ ಎಷ್ಟು ಎಂದು ಕೇಳಿದರೆ ಕೌಂಟರಿನ ಹಿಂದಿನ ಹೆಂಗಸು ಸಿಟ್ಟಾಗುವುದಿಲ್ಲ. ನಿಮ್ಮ ಮುಖವನ್ನು ಒಂದು ಗಳಿಗೆ ನೋಡಿ ತಾನೇ ನಿಧಾನವಾಗಿ ಗುಡ್ ಮಾರ್ನಿಂಗ್ ಅನ್ನುತ್ತಾಳೆ. ನೀವು ತಿರುಗಿ ಹೇಳುವವರೆಗೆ ಬಾಟಲಿ ಕಪಾಟಿನಲ್ಲೇ ಇರುತ್ತದೆ. ಮೊದಲ ಸಲ ಬರುವವರು ಇದೊಂದನ್ನು ತಿಳಿದುಕೊಂಡರೆ ಸಾಕು, ಉಳಿದದ್ದನ್ನು ಊರೇ ಕಲಿಸುತ್ತದೆ ಎಂದು ನನ್ನ ತಂಗಿಯ ಮಗಳು ದೋಣಿಕಟ್ಟೆಯಲ್ಲೇ ಹೇಳಿದಳು. ಅವಳು ಅಲ್ಲಿ ವೈದ್ಯಕೀಯ ಓದುತ್ತಿದ್ದಳು. ಅವಳನ್ನು ನೋಡಲೆಂದೇ ನಾನು ಅಷ್ಟು ದೂರ ಹೋದದ್ದು.

ಸೇಂಟ್ ಕಿಟ್ಸ್ ಮತ್ತು ನೆವಿಸ್ ಎಂಬ ಜೋಡಿ ದ್ವೀಪಗಳ ದೇಶದಲ್ಲಿ ನೆವಿಸ್ ಚಿಕ್ಕದು. ವಿಸ್ತೀರ್ಣ 93 ಚದರ ಕಿಲೋಮೀಟರ್, ಜನಸಂಖ್ಯೆ ಹನ್ನೆರಡು ಹದಿಮೂರು ಸಾವಿರ. ನಟ್ಟನಡುವೆ 985 ಮೀಟರ್ ಎತ್ತರದ ನೆವಿಸ್ ಪೀಕ್, ಹಳೆಯ ಜ್ವಾಲಾಮುಖಿ. ಅದರ ನೆತ್ತಿ ಹಗಲಿನ ಬಹುಪಾಲು ಮೋಡದೊಳಗೇ ಇರುತ್ತದೆ. ಬೆಟ್ಟದ ಬುಡವನ್ನು ಬಳಸಿ ಬರುವ ಮುಖ್ಯ ರಸ್ತೆ ಒಂದೇ, ಮೂವತ್ತು ಚಿಲ್ಲರೆ ಕಿಲೋಮೀಟರ್. ನಮ್ಮಂತೆಯೇ ಎಡಗಡೆ ಸಂಚಾರ. ಟ್ರಾಫಿಕ್ ದೀಪ ನನಗೆಲ್ಲೂ ಕಾಣಲಿಲ್ಲ. ರಸ್ತೆಯಲ್ಲಿ ಆಡು, ಕುರಿ, ಕತ್ತೆಗಳು ತಮ್ಮ ಪಾಡಿಗೆ ಓಡಾಡುತ್ತವೆ. ಅಲ್ಲಿನ ಕುರಿಗೆ ಉಣ್ಣೆಯಿಲ್ಲ, ನೋಡಲು ಆಡಿನ ಹಾಗೆಯೇ. ಬಾಲ ಮೇಲಕ್ಕಿದ್ದರೆ ಆಡು, ಕೆಳಕ್ಕಿದ್ದರೆ ಕುರಿ ಎಂದು ಚಾಲಕನೊಬ್ಬ ಹೇಳಿಕೊಟ್ಟ.

ತಲುಪುವುದು ಸುಲಭವಲ್ಲ. ನಮ್ಮ ಕಡೆಯಿಂದ ಹೋಗುವವರು ಹೆಚ್ಚಾಗಿ ಅಮೆರಿಕ ಅಥವಾ ಬ್ರಿಟನ್ನಿನ ವಿಮಾನ ನಿಲ್ದಾಣಗಳನ್ನು ಹಾದೇ ಹೋಗಬೇಕಾದ್ದರಿಂದ ಆ ವೀಸಾದ ಕೆಲಸ ಮೊದಲು ಮುಗಿಸಿಕೊಳ್ಳಬೇಕು. ಸೇಂಟ್ ಕಿಟ್ಸ್‌ನಲ್ಲಿ ಇಳಿದು ರಾಜಧಾನಿ ಬಾಸಟೇರ್‌ನಿಂದ ದೋಣಿ ಹಿಡಿದರೆ ಮುಕ್ಕಾಲು ಗಂಟೆಯಲ್ಲಿ ನೆವಿಸ್‌ನ ಚಾರ್ಲ್ಸ್‌ಟೌನ್. ಚಲಾವಣೆಯಲ್ಲಿರುವುದು ಪೂರ್ವ ಕೆರಿಬಿಯನ್ ಡಾಲರ್. 1976ರಿಂದ ಅಮೆರಿಕದ ಒಂದು ಡಾಲರಿಗೆ 2.70ರ ದರ ಬದಲಾಗಿಲ್ಲ. ಎರಡೂ ಡಾಲರುಗಳನ್ನು ತೆಗೆದುಕೊಳ್ಳುತ್ತಾರೆ. ಹಾಗಾಗಿ ಯಾರಾದರೂ ಬೆಲೆ ಹೇಳಿದರೆ ಯಾವ ಡಾಲರು ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಇನ್ನು ಕಾಯುವ ವಿಷಯ. ಚಾರ್ಲ್ಸ್‌ಟೌನಿನ ಕಟ್ಟೆಯ ಹತ್ತಿರ ನಿಲ್ಲುವ ಬಸ್ಸುಗಳು ಅಸಲಿಗೆ ವ್ಯಾನುಗಳು. ಅವು ತುಂಬಿದಾಗ ಹೊರಡುತ್ತವೆ. ದಾರಿಯಲ್ಲಿ ಒಬ್ಬಾಕೆ ತನ್ನ ಅತ್ತೆಯ ಮನೆಗೆ ಒಂದು ಚೀಲ ಕೊಟ್ಟು ಬರಬೇಕೆಂದರೆ ವ್ಯಾನು ಆ ಮನೆಯ ಮುಂದೆ ನಿಲ್ಲುತ್ತದೆ. ಅತ್ತೆ ಹೊರಬಂದು ಚಾಲಕನ ತಾಯಿಯ ಮೊಣಕಾಲು ನೋವು ವಿಚಾರಿಸಿದ ಮೇಲೆ ಮುಂದಕ್ಕೆ. ಖಾನಾವಳಿಯಲ್ಲಿ ಊಟ ಹೇಳಿದರೆ ಆಮೇಲೆ ಒಲೆ ಹಚ್ಚುತ್ತಾರೆ. ಭಾನುವಾರ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುತ್ತವೆ. ಹೆಂಗಸರು ಹ್ಯಾಟು ಧರಿಸಿ, ಗಂಡಸರು ಬಿಸಿಲಲ್ಲೂ ಕೋಟು ತೊಟ್ಟು ಇಗರ್ಜಿಗೆ ಹೋಗುತ್ತಾರೆ. ಪೇಟೆಯೊಳಗೆ ಈಜುಡುಗೆಯಲ್ಲಿ ಓಡಾಡುವವರನ್ನು ಅವರು ಬೈಯುವುದಿಲ್ಲ, ಆದರೆ ಅವರ ಮುಖ ನೋಡಿದರೆ ಗೊತ್ತಾಗುತ್ತದೆ. ಕಟ್ಟೆಯ ಮೇಲೆ, ಮರದ ಕೆಳಗೆ, ಬಾಗಿಲ ಮೆಟ್ಟಿಲಲ್ಲಿ ಕೂತು ಹೊತ್ತು ಕಳೆಯುವುದಕ್ಕೆ ಅಲ್ಲಿ ಲೈಮಿಂಗ್ ಅನ್ನುತ್ತಾರೆ. ಸಂಜೆ ಐದರ ಮೇಲೆ ಊರಿಗೆ ಊರೇ ಲೈಮಿಂಗ್ ಮಾಡುತ್ತಿರುತ್ತದೆ.

ಇದನ್ನು ನೋಡಿ ಈ ಜನ ಸೋಮಾರಿಗಳು ಎಂದು ಹೇಳಿ ಹೋಗುವ ಪ್ರವಾಸಿಗರಿದ್ದಾರೆ. ದೋಣಿಯಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದ ಒಬ್ಬರು ಅದನ್ನೇ ಹೇಳಿದರು. ನನಗೆ ಆ ಮಾತು ಸಹಿಸಲಾಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಆ ಊರಿನ ಚರಿತ್ರೆಯನ್ನು ಸ್ವಲ್ಪ ಓದಿಕೊಂಡಿದ್ದೆ.

ಇಂಗ್ಲಿಷರು ನೆವಿಸ್‌ನಲ್ಲಿ ನೆಲೆಯೂರಿದ್ದು 1628ರಲ್ಲಿ. ಕಬ್ಬು ಬಂತು, ಕಬ್ಬಿನ ಹಿಂದೆ ಆಫ್ರಿಕಾದಿಂದ ಗುಲಾಮರು ಬಂದರು. ಈ ಪುಟ್ಟ ಬೆಟ್ಟದ ಸಕ್ಕರೆಯಿಂದ ಬ್ರಿಸ್ಟಲ್‌ನ ಮನೆತನಗಳು ಕೊಬ್ಬಿದವು. ದ್ವೀಪದ ಅತ್ಯಂತ ಹೆಸರಾದ ಕಡಲತೀರ ಪಿನ್ನೀಸ್ ಬೀಚ್ ಇಂದಿಗೂ ಅಂಥ ಒಂದು ಮನೆತನದ ಹೆಸರನ್ನೇ ಹೊತ್ತಿದೆ. ಚಾರ್ಲ್ಸ್‌ಟೌನಿನ ಅಂಚಿನಲ್ಲಿ ಬಿಸಿನೀರಿನ ಬುಗ್ಗೆಯಿದೆ. ಅದರ ಮೇಲ್ಗಡೆ 1778ರಲ್ಲಿ ಕಲ್ಲಿನ ಬಾತ್ ಹೋಟೆಲ್ ಎದ್ದಿತು. ಸಿರಿವಂತ ತೋಟಗಾರರು ಅಲ್ಲಿ ಮೈಕೈ ನೋವಿಗೆ ಮೀಯಲು ಬರುತ್ತಿದ್ದರು. ಅಡ್ಮಿರಲ್ ನೆಲ್ಸನ್ ಫ್ಯಾನಿ ನಿಸ್ಬೆಟ್‌ಳನ್ನು 1787ರಲ್ಲಿ ಮದುವೆಯಾದದ್ದು ಇದೇ ದ್ವೀಪದ ಮಾಂಟ್‌ಪೀಲಿಯರ್ ತೋಟದಲ್ಲಿ. ಅಮೆರಿಕದ ಹತ್ತು ಡಾಲರಿನ ನೋಟಿನಲ್ಲಿರುವ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಹುಟ್ಟಿದ್ದೂ ಈ ದ್ವೀಪದಲ್ಲೇ. ಪ್ರವಾಸಿ ಕೈಪಿಡಿಗಳು ಇವಿಷ್ಟನ್ನು ತಪ್ಪದೆ ಹೇಳುತ್ತವೆ.

1810ರ ಜನವರಿಯಲ್ಲಿ ಚಾರ್ಲ್ಸ್‌ಟೌನಿನ ಮಾರುಕಟ್ಟೆಯಲ್ಲಿ ನಡೆದದ್ದನ್ನು ಅಷ್ಟು ಸುಲಭವಾಗಿ ಹೇಳುವುದಿಲ್ಲ. ಎಡ್ವರ್ಡ್ ಹಗಿನ್ಸ್ ಎಂಬ ತೋಟದ ಒಡೆಯ ಹಗಲಿಡೀ ದುಡಿದ ಗುಲಾಮರನ್ನು ರಾತ್ರಿಯೂ ಹೊಲಕ್ಕೆ ಗೊಬ್ಬರ ಹೊರಲು ಹಚ್ಚಿದ. ಅವರು ಒಪ್ಪಲಿಲ್ಲ. ಆತ ಆ ಗಂಡಸರನ್ನೂ ಹೆಂಗಸರನ್ನೂ ಪೇಟೆಯ ನಡುವೆ ತಂದು, ಎಲ್ಲರೆದುರು ಚಾವಟಿಯಲ್ಲಿ ಹೊಡೆಸಿದ. ಆ ಕಾಲದ ಕಾನೂನು ಏಟುಗಳಿಗೆ ಒಂದು ಮಿತಿ ಹಾಕಿತ್ತು; ಆತ ಅದನ್ನು ಎಷ್ಟೋ ಪಟ್ಟು ಮೀರಿದ. ಮೊಕದ್ದಮೆಯೇನೋ ನಡೆಯಿತು. ಪಂಚರ ಪೀಠ ಅವನನ್ನು ನಿರ್ದೋಷಿ ಎಂದಿತು.

ಆ ಜನ ಕೇಳಿದ್ದು ಏನನ್ನು? ಕೂಲಿಯನ್ನಲ್ಲ, ಜಮೀನನ್ನಲ್ಲ. ಕತ್ತಲಾದ ಮೇಲಿನ ಹೊತ್ತು ತಮಗಿರಲಿ ಎಂದು. ಗುಲಾಮಗಿರಿ ಕಾಯ್ದೆಯ ಪ್ರಕಾರ ಕೊನೆಯಾದದ್ದು 1834ರ ಆಗಸ್ಟ್ 1ರಂದು. ಅದರ ಮೇಲೂ ನಾಲ್ಕು ವರ್ಷ, ಕೆಲಸ ಕಲಿಯುವವರು ಎಂಬ ಹೆಸರಿಟ್ಟು ಅದೇ ಒಡೆಯರ ಕೈಕೆಳಗೆ ದುಡಿಸಿದರು. ಕಾಲಕ್ರಮದಲ್ಲಿ ತೋಟಗಳು ಒಂದೊಂದಾಗಿ ನಷ್ಟದಲ್ಲಿ ಮುಳುಗಿದವು. ಇಳಿಜಾರಿನ ತುಂಡು ಭೂಮಿಗಳು ಮೆಲ್ಲಮೆಲ್ಲಗೆ ಅದೇ ದುಡಿದವರ ಮಕ್ಕಳು ಮೊಮ್ಮಕ್ಕಳ ಕೈಗೆ ಬಂದವು. ಈಗ ಸಂಜೆ ಐದು ಗಂಟೆಗೆ ತನ್ನ ಮನೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತ ಮುದುಕನನ್ನು ನೋಡಿ ಸೋಮಾರಿ ಅನ್ನುವ ಹಕ್ಕು ಯಾರಿಗಿದೆ? ಅಲ್ಲಿ ಒಬ್ಬರ ಹೊತ್ತನ್ನು ಇನ್ನೊಬ್ಬರು ಕೇಳದೆ ತೆಗೆದುಕೊಳ್ಳುವುದಿಲ್ಲ. ವ್ಯವಹಾರಕ್ಕೆ ಮುಂಚೆ ಗುಡ್ ಮಾರ್ನಿಂಗ್ ಅನ್ನುವುದು ಹಾಗೆ ಕೇಳುವ ರೀತಿ ಎಂದು ನಾನು ತಿಳಿದಿದ್ದೇನೆ. ಪ್ರತಿ ವರ್ಷ ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರದವರೆಗೆ, ಆ ಬಿಡುಗಡೆಯ ದಿನದ ಆಸುಪಾಸಿನಲ್ಲಿ, ಕಲ್ಚುರಾಮ ಎಂಬ ಹಬ್ಬ ನಡೆಯುತ್ತದೆ. 1974ರಲ್ಲಿ ಆರಂಭವಾದದ್ದು. ಹೊರದೇಶಗಳಲ್ಲಿ ನೆಲೆಸಿದ ನೆವಿಸ್‌ನವರೆಲ್ಲ ಊರಿಗೆ ಬರುವುದು ಆಗಲೇ.

ಅವಸರದ ಬಗ್ಗೆ ಆ ಊರಿಗೆ ಇನ್ನೊಂದು ನೆನಪಿದೆ. 1970ರ ಆಗಸ್ಟ್ 1, ಶನಿವಾರ, ಬಿಡುಗಡೆಯ ದಿನದ ರಜೆಗೆ ಸೇಂಟ್ ಕಿಟ್ಸ್‌ನಿಂದ ನೆವಿಸ್‌ಗೆ ಹೊರಟವರು ಕ್ರಿಸ್ಟೀನಾ ಎಂಬ ದೋಣಿ ಹತ್ತಿದರು. ಪರವಾನಗಿ ಇದ್ದದ್ದು 155 ಜನರಿಗೆ. ಹತ್ತಿದವರು ಮುನ್ನೂರು ದಾಟಿದ್ದರು. ದೋಣಿ ನಡುದಾರಿಯಲ್ಲಿ ಮುಳುಗಿ 233 ಜನ ಸತ್ತರು. ಅಷ್ಟು ಚಿಕ್ಕ ಊರಿನಲ್ಲಿ ಯಾರನ್ನೂ ಕಳೆದುಕೊಳ್ಳದ ಮನೆ ಹುಡುಕುವುದು ಕಷ್ಟವಾಗಿತ್ತು. ದೋಣಿ ಭರ್ತಿಯಾಯಿತು, ಮುಂದಿನದಕ್ಕೆ ಬನ್ನಿ ಎಂದು ಕಟ್ಟೆಯಲ್ಲಿ ಹೇಳಿದರೆ ದಯವಿಟ್ಟು ವಾದ ಮಾಡಬೇಡಿ. ನಿಮ್ಮ ಪಕ್ಕದಲ್ಲಿ ಸುಮ್ಮನೆ ಕಾಯುತ್ತ ನಿಂತಿರುವ ಹೆಂಗಸಿನ ಅಜ್ಜಿ ಆ ದೋಣಿಯಲ್ಲಿದ್ದಿರಬಹುದು.

ಊಟದ ಚಿಂತೆ ನಮ್ಮವರಿಗೆ ಮೊದಲು ಬರುತ್ತದೆ. ಆ ಬಗ್ಗೆ ಸಂತೋಷದಿಂದಲೇ ಹೇಳಬಲ್ಲೆ. ಗೋಟ್ ವಾಟರ್ ಎಂಬ ಆಡಿನ ಮಾಂಸದ ತೆಳು ಸಾರು ಅಲ್ಲಿನ ಹೆಮ್ಮೆ. ಉಪ್ಪುಮೀನು, ಜಾನಿ ಕೇಕ್ ಎಂಬ ಕರಿದ ರೊಟ್ಟಿ ಬೆಳಗಿನ ತಿಂಡಿ. ಮಾಂಸ ತಿನ್ನದವರು ಉಪವಾಸ ಬೀಳಬೇಕಾಗಿಲ್ಲ. ರಾಸ್ತಫಾರಿ ಪಂಥದವರ ಐಟಲ್ ಅಡುಗೆ ಸಾಮಾನ್ಯವಾಗಿ ಸಸ್ಯಾಹಾರ, ಉಪ್ಪು ಕೂಡ ಹಾಕುವುದಿಲ್ಲ ಅಥವಾ ತೀರಾ ಕಡಿಮೆ. ಸಂತೆಯಲ್ಲಿ ನಮ್ಮ ಸೀಮೆಬದನೆ, ಕೆಸುವಿನ ಗೆಡ್ಡೆ, ಸೊಪ್ಪು, ಹುಣಸೆ, ಸಿಹಿಗುಂಬಳ ಎಲ್ಲ ಸಿಗುತ್ತವೆ. ದಕ್ಷಿಣ ಕನ್ನಡದವರು ಜೀಗುಜ್ಜೆ ಅನ್ನುವುದನ್ನು ಅಲ್ಲಿ ಕೆಂಡದಲ್ಲಿ ಇಡಿಯಾಗಿ ಸುಟ್ಟು, ಸಿಪ್ಪೆ ಹೆರೆದು, ಬೆಣ್ಣೆ ಹಚ್ಚಿ ಕೊಡುತ್ತಾರೆ. ಅಷ್ಟು ರುಚಿಯಾದ ಜೀಗುಜ್ಜೆ ನಾನು ಮಂಗಳೂರಿನಲ್ಲೂ ತಿಂದಿಲ್ಲ. ಅದರ ಹಿಂದಿನ ಕತೆಯೂ ಗುಲಾಮಗಿರಿಯದೇ: ದುಡಿಯುವವರಿಗೆ ಅಗ್ಗದ ಹೊಟ್ಟೆಪಾಡಾಗಲೆಂದು ಕ್ಯಾಪ್ಟನ್ ಬ್ಲೈ 1793ರಲ್ಲಿ ತಾಹಿತಿಯಿಂದ ಸಸಿಗಳನ್ನು ತಂದು ಸೇಂಟ್ ವಿನ್ಸೆಂಟ್, ಜಮೈಕಗಳಿಗೆ ಇಳಿಸಿದ. ಅಲ್ಲಿಂದ ಕೆರಿಬಿಯನ್ ತುಂಬ ಹಬ್ಬಿತು.

ಮಾವು ಮಾತ್ರ ನಮ್ಮ ಕಡೆಯಿಂದ ಹೋದದ್ದು. ಪೋರ್ಚುಗೀಸರ ಹಡಗು ಹತ್ತಿ, ಬ್ರೆಜಿಲ್ ಮುಟ್ಟಿ, ದ್ವೀಪಗಳಿಗೆ ಬಂತು. ನೆವಿಸ್‌ನವರು ತಮ್ಮಲ್ಲಿ ನಲವತ್ತಕ್ಕೂ ಹೆಚ್ಚು ತಳಿಗಳಿವೆ ಅನ್ನುತ್ತಾರೆ. ಅಮೋರಿ ಪೋಲಿ ಎಂಬ ಹಣ್ಣಿನ ಹೆಸರೆತ್ತಿದರೆ ಅವರ ಮುಖವೇ ಬದಲಾಗುತ್ತದೆ. ಮೇ ತಿಂಗಳಿಂದ ಆಗಸ್ಟ್‌ವರೆಗೆ ರಸ್ತೆಯ ಬದಿಗೆಲ್ಲ ಹಣ್ಣು ಉದುರಿ ಬಿದ್ದಿರುತ್ತದೆ. ಜುಲೈನಲ್ಲಿ ಮಾವಿನ ಹಬ್ಬವೂ ಇದೆ. ಮಾವಿನ ಹಾಗೆಯೇ ಮನುಷ್ಯರೂ ಹೋದರು. ಕಲ್ಕತ್ತೆಯಿಂದ ಹೊರಟ ಹಡಗೊಂದು 1874ರಲ್ಲಿ ಮುನ್ನೂರಕ್ಕೂ ಹೆಚ್ಚು ಭಾರತೀಯ ಕರಾರು ಕೂಲಿಗಳನ್ನು ನೆವಿಸ್‌ನಲ್ಲಿ ಇಳಿಸಿತು. ಬಿಡುಗಡೆಯಾದವರು ಬಿಟ್ಟುಹೋದ ಕಬ್ಬಿನ ಸಾಲಿನಲ್ಲಿ ಅವರು ದುಡಿದರು. ಖಾನಾವಳಿಗಳ ಫಲಕದಲ್ಲಿ ರೊಟಿ, ಕರಿ ಎಂಬ ಹೆಸರುಗಳನ್ನು ಕಂಡಾಗ ಅವರ ನೆನಪಾಗುತ್ತಿತ್ತು.

ಮಾವು ಬೆಳೆದವರಿಗೆ ಮಂಗನ ಕಾಟ. ಪಶ್ಚಿಮ ಆಫ್ರಿಕಾದಿಂದ ಹಡಗುಗಳಲ್ಲಿ ಬಂದ ಹಸಿರು ವರ್ವೆಟ್ ಮಂಗಗಳು ಕಾಡಿಗೆ ಸೇರಿ, ಈಗ ಜನರಿಗಿಂತ ಅವೇ ಹೆಚ್ಚೆಂದು ಊರವರ ಮಾತು. ಪ್ರವಾಸಿಗರು ಚಪ್ಪಾಳೆ ತಟ್ಟಿ ಫೋಟೊ ತೆಗೆಯುತ್ತಾರೆ. ಕೈಗೆ ಬಂದ ಬೆಳೆ ಕಳೆದುಕೊಂಡ ರೈತನ ಮುಖ ಮಾತ್ರ ನಮ್ಮ ಮಲೆನಾಡಿನ ತೋಟಗಾರನ ಮುಖದ ಹಾಗೆಯೇ ಇರುತ್ತದೆ.

ಕಡಲಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮರಳು ಹೊಂಬಣ್ಣದ್ದು, ಕೆಲವೆಡೆ ಬೂದು, ಜ್ವಾಲಾಮುಖಿಯ ನೆಲವಲ್ಲವೆ. ಕೆರಿಬಿಯನ್ ಕಡೆಯ ನೀರು ಶಾಂತ, ಅಟ್ಲಾಂಟಿಕ್ ಕಡೆಯದು ಒರಟು. ದಡದಲ್ಲಿ ಸಣ್ಣ ಹಸಿರು ಸೇಬಿನಂಥ ಕಾಯಿಬಿಡುವ ಮಂಚಿನೀಲ್ ಎಂಬ ಮರವಿದೆ. ಕಾಯಿ ವಿಷ, ಹಾಲು ತಾಗಿದರೆ ಬೊಬ್ಬೆ. ಮಳೆ ಬಂದಾಗ ಅದರ ಕೆಳಗೆ ನಿಲ್ಲಲೇಬಾರದು. ಕಾಂಡಕ್ಕೆ ಕೆಂಪು ಪಟ್ಟೆ ಬಳಿದಿರುವ ಮರ ಕಂಡರೆ ದೂರ ಸರಿಯಿರಿ. ಸಂಜೆ ಮರಳು ನೊಣ ಕಚ್ಚುತ್ತದೆ. ಕತ್ತಲಾದ ಮೇಲೆ ಕೇಳಿಬರುವ ಸಿಳ್ಳೆ ಹಕ್ಕಿಯದಲ್ಲ, ಉಗುರಿನಷ್ಟು ದೊಡ್ಡ ಮರಗಪ್ಪೆಗಳದು. ಸಾಮಾನು ತುಟ್ಟಿ, ಯಾಕೆಂದರೆ ಬಹುತೇಕ ಎಲ್ಲವೂ ಹಡಗಿನಲ್ಲಿ ಬರಬೇಕು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ.

ಭಾರತದವರು ಎಂದು ಗೊತ್ತಾದರೆ ಮಾತು ಕ್ರಿಕೆಟ್ಟಿಗೆ ಹೊರಳುತ್ತದೆ. ಲೀವರ್ಡ್ ದ್ವೀಪಗಳಿಂದ ವೆಸ್ಟ್ ಇಂಡೀಸ್ ಟೆಸ್ಟ್ ತಂಡಕ್ಕೆ ಬಂದ ಮೊದಲಿಗ ವಿವಿಯನ್ ರಿಚರ್ಡ್ಸ್ ಅಲ್ಲ, ಆಂಡಿ ರಾಬರ್ಟ್ಸ್ ಅಲ್ಲ. ನೆವಿಸ್‌ನ ಎಡಗೈ ಸ್ಪಿನ್ನರ್ ಎಲ್ಕ್ವೆಮೆಡೊ ವಿಲೆಟ್, 1973ರಲ್ಲಿ. ಮರುವರ್ಷ ಭಾರತಕ್ಕೆ ಬಂದ ತಂಡದಲ್ಲೂ ಅವರಿದ್ದರು. ಬೆಂಗಳೂರಿನಲ್ಲಿ ಮೊತ್ತಮೊದಲ ಟೆಸ್ಟ್ ನಡೆದದ್ದು, ರಿಚರ್ಡ್ಸ್, ಗ್ರೀನಿಜ್ ಪಾದಾರ್ಪಣೆ ಮಾಡಿದ್ದು ಆ ಪ್ರವಾಸದಲ್ಲೇ. ಚಾರ್ಲ್ಸ್‌ಟೌನಿನ ಮೈದಾನಕ್ಕೆ ಈಗ ವಿಲೆಟ್ ಅವರದೇ ಹೆಸರು. ಅವರ ಹಿಂದೆ ಡೆರಿಕ್ ಪ್ಯಾರಿ, ಕೀತ್ ಆರ್ಥರ್‌ಟನ್, ಸ್ಟುವರ್ಟ್ ವಿಲಿಯಮ್ಸ್, ರುನಾಕೊ ಮಾರ್ಟನ್ ಬಂದರು. ಇಷ್ಟು ಕಡಿಮೆ ಜನರಿರುವ ಊರು ಇಷ್ಟು ಮಂದಿ ಟೆಸ್ಟ್ ಆಟಗಾರರನ್ನು ಕೊಟ್ಟದ್ದು ನನಗೆ ಈಗಲೂ ದೊಡ್ಡ ಸಂಗತಿ. 2006ರ ಜೂನ್‌ನಲ್ಲಿ ಬಾಸಟೇರ್‌ನ ವಾರ್ನರ್ ಪಾರ್ಕ್ ತನ್ನ ಮೊದಲ ಟೆಸ್ಟ್ ನಡೆಸಿದಾಗ ಭಾರತದ ನಾಯಕ ನಮ್ಮ ರಾಹುಲ್ ದ್ರಾವಿಡ್. ತಂಡದಲ್ಲಿ ಅನಿಲ್ ಕುಂಬ್ಳೆಯೂ ಇದ್ದರು. ಕಟ್ಟೆಯ ಮೇಲೆ ಸಿಕ್ಕ ಹಿರಿಯರೊಬ್ಬರು ದೋಣಿಯಲ್ಲಿ ಹೋಗಿ ಆ ಪಂದ್ಯ ನೋಡಿ ಬಂದವರು. ದ್ರಾವಿಡ್ ಚೆಂಡನ್ನು ಬಿಡುತ್ತಿದ್ದ ರೀತಿಯನ್ನು ಅವರು ಎದ್ದುನಿಂತು, ಊರುಗೋಲನ್ನೇ ಬ್ಯಾಟು ಮಾಡಿಕೊಂಡು ತೋರಿಸಿದರು. ಬಸ್ಸು ಹೊರಡಲು ತಡವಾದದ್ದರಿಂದ ನನಗೆ ಅದನ್ನು ನೋಡಲು ಸಿಕ್ಕಿತು.

ಸೇಂಟ್ ಕಿಟ್ಸ್‌ಗೆ ಬರುವ ದೊಡ್ಡ ವಿಲಾಸಿ ಹಡಗುಗಳಿಂದ ಇಳಿದು, ಒಂದು ಹಗಲಿನ ಮಟ್ಟಿಗೆ ನೆವಿಸ್ ಸುತ್ತಿ ಹೋಗುವವರಿದ್ದಾರೆ. ಅವರು ಕಡಲತೀರ ನೋಡುತ್ತಾರೆ, ಹ್ಯಾಮಿಲ್ಟನ್ ಮನೆ ನೋಡುತ್ತಾರೆ, ಎಲ್ಲವೂ ನಿಧಾನ ಎಂದು ದೂರಿ ಹೋಗುತ್ತಾರೆ. ನೀವು ಹಾಗೆ ಹೋಗಬೇಡಿ. ಆಗುವುದಾದರೆ ಒಂದು ವಾರ ಇರಿ. ದೊಡ್ಡ ರೆಸಾರ್ಟಿನ ಗೇಟಿನೊಳಗೆ ಉಳಿಯದೆ ಹಳ್ಳಿಯ ಅತಿಥಿಗೃಹದಲ್ಲಿ ಇಳಿದುಕೊಳ್ಳಿ, ವ್ಯಾನಿನಲ್ಲಿ ಓಡಾಡಿ, ಸಂತೆಯಲ್ಲಿ ಹಣ್ಣು ಕೊಳ್ಳಿ. ನಿಮ್ಮ ಹಣ ಆ ಊರಿನವರ ಕೈಯಲ್ಲೇ ಉಳಿಯುತ್ತದೆ. ಬಿಸಿನೀರಿನ ತೊರೆಗೆ ಶುಲ್ಕವಿಲ್ಲ. ಊರವರ ಜೊತೆಗೇ ಕೂತು ಕಾಲು ಇಳಿಬಿಡಬಹುದು. ದೋಣಿಯ ವೇಳೆ ದಿನಕ್ಕೊಂದು ಬಗೆ ಇರುತ್ತದೆ. ಕೊನೆಯದು ಎಷ್ಟು ಹೊತ್ತಿಗೆಂದು ಬೆಳಿಗ್ಗೆಯೇ ಕಟ್ಟೆಯಲ್ಲಿ ವಿಚಾರಿಸಿಕೊಂಡು ಬಿಡಿ.