ಬಾಲ ಕತ್ತರಿಸಿದರೂ ಕೆಡದ ಸಂಖ್ಯೆ

73939133. ಬೆಂಗಳೂರಿನ ಯಾವುದೋ ಲ್ಯಾಂಡ್‌ಲೈನ್ ನಂಬರ್ ಥರ ಇದೆ ಅಲ್ವಾ? :-) ಇದೊಂದು ಅವಿಭಾಜ್ಯ ಸಂಖ್ಯೆ, 1 ಮತ್ತು ತನ್ನನ್ನು ಬಿಟ್ಟು ಇನ್ಯಾವುದರಿಂದಲೂ ಭಾಗವಾಗಲ್ಲ. ಈಗ ಕೊನೆಯ ಅಂಕಿ ಅಳಿಸಿ: 7393913. ಇದೂ ಅವಿಭಾಜ್ಯವೇ! ಹೀಗೇ ಬಾಲ ಕತ್ತರಿಸುತ್ತಾ ಹೋಗಿ: 739391, 73939, 7393, 739, 73, ಕೊನೆಗೆ 7. ಒಂದೂ ಕೈಕೊಡುವುದಿಲ್ಲ.

ಇಂಥವು ಒಟ್ಟು ಎಷ್ಟಿರಬಹುದು ಅಂತ ಒಂದು ಶನಿವಾರ ಕೂತು ಹದಿನೈದು ಸಾಲಿನ ಪ್ರೋಗ್ರಾಮ್ ಬರೆದೆ. 2, 3, 5, 7ರಿಂದ ಶುರು. ಪ್ರತಿಯೊಂದರ ಬಲಕ್ಕೆ 1, 3, 7, 9 ಹಚ್ಚಿ ನೋಡುವುದು. (ಸಮ ಅಂಕಿಯೋ 5ಓ ಬಂದರೆ ಕತೆ ಅಲ್ಲಿಗೇ ಮುಗೀತು.) ಒಂದಂಕಿಯವು 4, ಎರಡಂಕಿಯವು 9, ಆಮೇಲೆ 14, 16, 15, 12, 8, 5... ಒಂಬತ್ತಂಕಿಗೆ ಬಂದರೆ ಸೊನ್ನೆ. ಒಟ್ಟು 83. ಮೇಲೆ ಕೊಟ್ಟಿದ್ದೇ ಎಲ್ಲಕ್ಕಿಂತ ದೊಡ್ಡದು.

ಯಾಕೆ ಹೀಗೆ ಬತ್ತಿಹೋಗುತ್ತವೆ? ಅಂಕಿಗಳ ಮೊತ್ತ 3ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತೆ ಅಂತ ಸ್ಕೂಲಲ್ಲಿ ಕಲಿತಿದ್ದೆವಲ್ಲ, ಅದರದ್ದೇ ಕಾಟ. 7ರಿಂದ ಹೊರಟರೆ ದಾರಿಯಲ್ಲಿ 1 ಅಥವಾ 7ನ್ನು ಒಂದೇ ಒಂದು ಸಲ ಬಳಸಬಹುದು. ಎರಡನೇ ಸಲ ಬಳಸಿದರೆ 3 ಬಂದು ಹಿಡಿಯುತ್ತೆ. 2 ಅಥವಾ 5ರಿಂದ ಹೊರಟರೆ ಆ ಒಂದು ಸಲವೂ ಇಲ್ಲ. ಸಾಲದ್ದಕ್ಕೆ ಸಂಖ್ಯೆ ದೊಡ್ಡದಾದಷ್ಟೂ ಅವಿಭಾಜ್ಯಗಳು ವಿರಳ.

"ಇದರಿಂದ ಏನಪ್ಪಾ ಉಪಯೋಗ?" ಅಂತ ರೂಮ್‌ಮೇಟ್ ಕೇಳಿದ. ಏನೂ ಇಲ್ಲ. ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರಿಂದ ಬಂದ ಗುಣ ಇದು. ಕಂಪ್ಯೂಟರಿನ 0-1ರಲ್ಲಿ ಇಂಥ ಸಂಖ್ಯೆ ಒಂದೂ ಇಲ್ಲ. ಅಲ್ಲಿ ಕೊನೆಗೆ ಉಳಿಯುವುದು 1, ಅದು ಅವಿಭಾಜ್ಯವೇ ಅಲ್ಲ.

ಆದರೂ ಅವತ್ತು ರಾತ್ರಿ ಮನಸ್ಸು ಹಗುರಾಗಿತ್ತು. ನನ್ನ ಕೆಲಸದಲ್ಲಿ ಯಾವುದೂ ಮುಗಿಯುವುದಿಲ್ಲ. ಒಂದು ರಿಲೀಸ್ ಆದರೆ ಇನ್ನೊಂದು, ಒಂದು ಬಗ್ ಹೋದರೆ ಎರಡು. ಅವಿಭಾಜ್ಯಗಳೂ ಹಾಗೇ; ಅವಕ್ಕೆ ಕೊನೆಯಿಲ್ಲ ಅಂತ ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ತೋರಿಸಿದ್ದ. 11-13, 17-19ರಂಥ ಜೋಡಿಗಳು ಎಲ್ಲಾದರೂ ಮುಗಿಯುತ್ತವಾ ಅನ್ನುವುದನ್ನು ಯಾರೂ ಇನ್ನೂ ಸಾಧಿಸಿಲ್ಲ. ಅಂಥ ದಟ್ಟ ಕಾಡಿನೊಳಗೆ 83 ಮನೆಗಳ ಪುಟ್ಟ ಊರು ಇದು. ಒಂದೊಂದು ಬಾಗಿಲನ್ನೂ ತಟ್ಟಿ ಬಂದಿದ್ದೇನೆ. 84ನೇ ಮನೆ ಇಲ್ಲ ಅಂತ ಎದೆ ತಟ್ಟಿ ಹೇಳಬಲ್ಲೆ. ಬೇರೆ ಯಾವುದರ ಬಗ್ಗೆ ಹಾಗೆ ಹೇಳೋಕಾಗುತ್ತೆ ಹೇಳಿ?

ನಿಮಗೊಂದು ಕೆಲಸ: 3797 ತಗೊಳ್ಳಿ. ಬಲದಿಂದ ಕತ್ತರಿಸಿ ನೋಡಿ, ಆಮೇಲೆ ಎಡದಿಂದ. ಕ್ಯಾಲ್ಕುಲೇಟರ್ ಬೇಡ, ಪೆನ್ನು ಪೇಪರ್ ಸಾಕು.