ಪೆಟ್ಟಿಗೆ ಕೆಟ್ಟರೆ ಗಂಟು ಕೆಟ್ಟೀತೆ?

ನಮ್ಮ ಹಿಂದಿನವರು ಜಮೀನಿನ ಪತ್ರ, ಒಡವೆ, ಜಾತಕ ಎಲ್ಲವನ್ನೂ ಮರದ ಸಂದೂಕದಲ್ಲಿ ಇಡುತ್ತಿದ್ದರು. ಬೀಗ ಕೆಟ್ಟರೆ ಬಡಗಿಯನ್ನು ಕರೆದರಾಯಿತು; ಒಳಗಿನ ಗಂಟಿಗೆ ಏನೂ ಆಗುತ್ತಿರಲಿಲ್ಲ. ಈಗಿನ ಸಂದೂಕದ ಗತ್ತೇ ಬೇರೆ. ಹೊಟ್ಟೆಯಲ್ಲಿ ಎರಡು ಡಿಸ್ಕುಗಳನ್ನಿಟ್ಟುಕೊಂಡು, ಮನೆಯ ಕಂಪ್ಯೂಟರುಗಳಿಗೆಲ್ಲ ನಂಟು ಬೆಸೆದು, ಮೂಲೆಯಲ್ಲಿ ಹಸಿರು ದೀಪ ಮಿಣುಕಿಸುತ್ತ ಕೂತಿರುತ್ತದೆ. ಅದನ್ನು ನ್ಯಾಸ್ ಎನ್ನುತ್ತಾರೆ. ನಮ್ಮಲ್ಲಿ ನ್ಯಾಸವೆಂದರೆ ನಂಬಿ ಒಪ್ಪಿಸಿದ ಇಡುಗಂಟು. ಹೆಸರಿಟ್ಟವರಿಗೆ ಈ ಅರ್ಥ ಗೊತ್ತಿತ್ತೋ ಇಲ್ಲವೋ, ಒಪ್ಪುವ ಹೆಸರಂತೂ ಹೌದು.

ನಮ್ಮ ಮನೆಯ ಇಡುಗಂಟಿನಲ್ಲಿ ತೀರಿಹೋದ ಅಪ್ಪನ ಗಮಕವಾಚನವಿತ್ತು. ಮೂಲ ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಎಂದೋ ಹಾಳಾಗಿದ್ದವು. ಪ್ರತಿ ದೀಪಾವಳಿಗೂ ಎಲ್ಲದರ ಒಂದು ಪ್ರತಿ ತಂಗಿಯ ಮನೆಗೆ ಹೋಗುವುದು ನಮ್ಮ ಪದ್ಧತಿ. ಹಾಗಾಗಿ ಅಪ್ಪನ ದನಿಗೆ ಭಯವಿರಲಿಲ್ಲ. ಆದರೆ ಆ ಹಬ್ಬದ ನಂತರ ಅಮ್ಮ ಹಳೆಯ ಫೋಟೋಗಳನ್ನು ಹರಡಿಕೊಂಡು, ಯಾರು ಯಾರೆಂದು ಹೇಳಿದ್ದನ್ನು ನಾನು ಧ್ವನಿಮುದ್ರಿಸಿದ್ದೆ. ಈಗ ಕೇಳಿದರೆ ಅವಳಿಗೆ ಅರ್ಧ ಹೆಸರೂ ನೆನಪಿಗೆ ಬರುವುದಿಲ್ಲ. ಅದು ಮಾತ್ರ ಪೆಟ್ಟಿಗೆಯಲ್ಲೇ ಉಳಿದಿತ್ತು.

ಒಂದು ಮಳೆಗಾಲದ ಸಂಜೆ ಕರೆಂಟು ನಾಲ್ಕು ಸಲ ಹೋಗಿ ಬಂತು. ದೀಪ ಮತ್ತೆ ಹತ್ತಲಿಲ್ಲ. ಅಷ್ಟೇ ವೋಲ್ಟೇಜಿನ ಬೇರೆ ಅಡಾಪ್ಟರ್ ತಂದು ಹಚ್ಚಿದರೂ ಪೆಟ್ಟಿಗೆ ಉಸಿರೆತ್ತಲಿಲ್ಲ. ಅಂಗಡಿಯವರು ಹಗುರವಾಗಿ ಹೇಳಿದರು: "ಹೊಸದು ತಗೊಳ್ಳಿ ಸಾರ್. ಹಳೇ ಡಿಸ್ಕ್ ಹಾಕಿ. ಏನಾದ್ರೂ ಕೇಳಿದ್ರೆ ಎಸ್ ಒತ್ತಿ."

ಆ 'ಎಸ್' ಎಂಬುದೇ ಮೃತ್ಯುವಿನ ಬಾಗಿಲು. ಬೇರೆ ಕಂಪನಿಯ ಪೆಟ್ಟಿಗೆಗೆ ಹಳೆಯ ಡಿಸ್ಕಿನ ಬರವಣಿಗೆ ಅರ್ಥವಾಗದಿದ್ದರೆ, ಅದು 'ಸಿದ್ಧಪಡಿಸಲೇ' ಎಂದು ವಿನಯದಿಂದ ಕೇಳುತ್ತದೆ. ಸಿದ್ಧಪಡಿಸುವುದೆಂದರೆ ಹಲಗೆ ಒರೆಸುವುದು!

ಪೆಟ್ಟಿಗೆ ಸತ್ತರೆ ಡಿಸ್ಕು ಸತ್ತಂತಲ್ಲ. ನನ್ನ ಎರಡು ಡಿಸ್ಕುಗಳು ರೇಡ್ 1 ಎಂಬ ವ್ಯವಸ್ಥೆಯಲ್ಲಿದ್ದವು; ಒಂದು ಇನ್ನೊಂದರ ಕನ್ನಡಿ. ರೇಡ್ ಎಂಬ ಹೆಸರನ್ನು 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಎಂಬ ಮೂವರು ತಮ್ಮ ಪ್ರಬಂಧದಿಂದ ಪ್ರಸಿದ್ಧಗೊಳಿಸಿದರು. ಇಂಥ ಅನೇಕ ಪೆಟ್ಟಿಗೆಗಳ ಒಳಗೆ ಓಡುವುದು ಲಿನಕ್ಸೇ. ಆದ್ದರಿಂದ ಡಿಸ್ಕುಗಳಿಗೆ 1, 2 ಎಂದು ಚೀಟಿ ಅಂಟಿಸಿ, ಎರಡನೆಯದನ್ನು ಬೀರುವಿನಲ್ಲಿಟ್ಟೆ. ಮೊದಲನೆಯದನ್ನು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿ 'ಓದಲು ಮಾತ್ರ' ಎಂಬ ಕಟ್ಟಳೆಯಲ್ಲಿ ತೆರೆದೆ. ಕಡತಗಳ ಸಾಲು ತೆರೆಯ ಮೇಲೆ ಇಳಿದು ಬಂದಾಗ, ಕಳೆದ ಹಸು ಕೊಟ್ಟಿಗೆಗೆ ಮರಳಿದಂತಾಯಿತು.

ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ ಸಾಗಿದರೂ 1.5 ಟೆರಾಬೈಟಿಗೆ ನಾಲ್ಕು ಗಂಟೆ ದಾಟುತ್ತದೆ. ಸಣ್ಣ ಕಡತಗಳು ಹೆಚ್ಚಿದ್ದುದರಿಂದ ರಾತ್ರಿಯೆಲ್ಲ ಹಿಡಿಯಿತು. ನಕಲಾದ ಮೇಲೆ ಪ್ರತಿ ಕಡತಕ್ಕೂ ಮೊತ್ತ ತೆಗೆದು ತಾಳೆ ನೋಡಿದೆ. ಒಂದೇ ಒಂದು ಬಿಟ್ ಬದಲಾದರೂ ಈ ಮೊತ್ತ ಪೂರ್ತಿ ಬೇರೆಯಾಗುತ್ತದೆ. ಮೂರು ಕಡತಗಳು ತಾಳೆಯಾಗಲಿಲ್ಲ. ಕೇಬಲ್ ಬದಲಿಸಿ ಮತ್ತೆ ನಕಲಿಸಿದಾಗ ಸರಿಹೋದವು. ಆಮೇಲೆಯೇ ಹೊಸ ಪೆಟ್ಟಿಗೆ, ಹೊಸ ಡಿಸ್ಕುಗಳು. ಹಳೆಯವನ್ನು ಆರು ತಿಂಗಳು ಯಾರೂ ಮುಟ್ಟಲಿಲ್ಲ.

ಕನ್ನಡಿಯನ್ನೇ ಕಾವಲೆಂದು ನಂಬಬಾರದು. ನೀವು ಅಳಿಸಿದ್ದನ್ನು ಅದೂ ಆ ಕ್ಷಣವೇ ಅಳಿಸುತ್ತದೆ. ಸಿಡಿಲು ಬಡಿದರೆ ಎರಡಕ್ಕೂ ಬಡಿಯುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ ಎಂಬುದು ಈಗಿನವರ ಸೂತ್ರ. ನಮಗೆ ಇದು ಹೊಸತೇನಲ್ಲ. ಪೊನ್ನನ ಶಾಂತಿಪುರಾಣ ಅಳಿಯದಿರಲೆಂದು ಅತ್ತಿಮಬ್ಬೆ ಸಾವಿರ ಓಲೆಪ್ರತಿ ಬರೆಸಿ ಹಂಚಿದಳು. ಒಂದನ್ನು ಭದ್ರಪಡಿಸುವುದಕ್ಕಿಂತ ಹಲವನ್ನು ಹಂಚುವುದು ಮೇಲೆಂದು ಆ ತಾಯಿಗೆ ಗೊತ್ತಿತ್ತು.

ಅಮ್ಮನ ಮಾತಿನ ಪ್ರತಿ ಈಗ ನಾಲ್ಕು ಊರಿನಲ್ಲಿದೆ. ಕಾಗದದ ಮೇಲೂ ಬರೆದಿಟ್ಟಿದ್ದೇನೆ. ಕಾಗದಕ್ಕೆ ಅಡಾಪ್ಟರ್ ಬೇಡ.